ಮೂವತ್ತು ದಿನದ ಊರು

ಕನ್ನಡದಲ್ಲಿ ‘ಪರದೇಶಿ’ ಎಂಬ ಶಬ್ದಕ್ಕೆ ಒದಗಿದ ಗತಿ ವಿಚಿತ್ರವಾದುದು. ಅದರ ನೇರವಾದ ಅರ್ಥ ಅನ್ಯದೇಶದವನು ಎಂದಷ್ಟೇ. ಆದರೆ ಹಳ್ಳಿಯ ಮುದುಕಿಯೊಬ್ಬಳು ದಿಕ್ಕಿಲ್ಲದ ಹುಡುಗನನ್ನು ಕಂಡು ‘ಪಾಪ, ಪರದೇಶಿ!’ ಎಂದು ಮರುಗುವಾಗ ಆಕೆಯ ಮನಸ್ಸಿನಲ್ಲಿರುವುದು ಅವನ ದೇಶವಲ್ಲ. ಉಂಡೆಯಾ ಎಂದು ಕೇಳುವವರು ಅವನಿಗೆ ಯಾರೂ ಇಲ್ಲವೆಂಬ ಸಂಗತಿ. ಅದೇ ಮುದುಕಿಯ ಮೊಮ್ಮಗನು ಕೊಲ್ಲಿ ದೇಶಕ್ಕೆ ಹೋಗಿ, ಎರಡು ವರ್ಷದ ಮೇಲೆ ಹಗ್ಗ ಬಿಗಿದ ದೊಡ್ಡ ರಟ್ಟಿನ ಪೆಟ್ಟಿಗೆಯೊಡನೆ, ಓಣಿಯುದ್ದಕ್ಕೂ ಅತ್ತರಿನ ಘಮವನ್ನು ಚೆಲ್ಲುತ್ತ ಬಂದಿಳಿದನೆಂದರೆ, ಅವನನ್ನು ಪರದೇಶಿಯೆಂದು ಕರೆಯುವ ಎದೆಗಾರಿಕೆ ಯಾರಿಗಿದೆ? ಅವನು ‘ದುಬೈಯವನು’. ಮದುವೆಯ ಮಾರುಕಟ್ಟೆಯಲ್ಲಿ ಅವನ ಬೆಲೆ ಬೇರೆ, ದೇವಸ್ಥಾನದ ಜೀರ್ಣೋದ್ಧಾರ ಸಮಿತಿಯಲ್ಲಿ ಅವನ ಪೀಠ ಬೇರೆ. ಆದರೂ ಶಬ್ದಗಳು ತಮ್ಮ ಹಳೆಯ ಅರ್ಥವನ್ನು ಅಷ್ಟು ಸುಲಭವಾಗಿ ಬಿಟ್ಟುಕೊಡುವುದಿಲ್ಲ.

ಕುಂದಾಪುರದ ಕಡೆಯ ಒಬ್ಬ ಲೆಕ್ಕಿಗನ ಬಾಳನ್ನೇ ನೋಡಬಹುದು. ವಾಣಿಜ್ಯ ಪದವಿ ಪಡೆದು, ಎರಡು ವರ್ಷ ಅರ್ಜಿಗಳ ಮೇಲೆ ಅರ್ಜಿ ಗುಜರಾಯಿಸಿ, ಕೊನೆಗೆ ೧೯೮೮ರಲ್ಲಿ, ತನ್ನ ಇಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ ಆತನು ದುಬೈಗೆ ಹೊರಟನು. ಮಂಗಳೂರಿನ ಬಜಪೆಯಿಂದ ಆ ಕಾಲದಲ್ಲಿ ಹೊರದೇಶಕ್ಕೆ ವಿಮಾನವಿರಲಿಲ್ಲ. ಅದು ಬಂದದ್ದು ೨೦೦೬ರಲ್ಲಿ. ಕರಾವಳಿಯ ಹುಡುಗರೆಲ್ಲ ಬಸ್ಸು ಹಿಡಿದು ಘಟ್ಟ, ಹೊಳೆಗಳನ್ನು ದಾಟಿ ಬೊಂಬಾಯಿ ಸೇರಬೇಕು. ಅಲ್ಲಿ ಪರಿಚಯದವರ ಖೋಲಿಯಲ್ಲಿ ಚಾಪೆ ಹಾಸಿ ವೀಸಾಕ್ಕಾಗಿ ಕಾಯಬೇಕು. ಶಾಲಾ ಮಾಸ್ತರರಾಗಿದ್ದ ತಂದೆ ಬಸ್ಸಿನ ಕಿಟಕಿಯ ಬಳಿ ನಿಂತು, ‘ಎರಡ್ ವರ್ಷ ಅಲ್ದಾ ಮಗಾ, ಕಣ್ಣ್ ಮುಚ್ಚಿ ತೆಗುದ್ರೊಳಗೆ ಆತ್ತ್’ ಎಂದರು. ಒಪ್ಪಂದ ಇದ್ದದ್ದೂ ಎರಡೇ ವರ್ಷದ್ದು. ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಮೂವತ್ತಾರು ವರ್ಷವಾಯಿತು.

ಇದು ಬರಿಯ ದುಃಖದ ಕಥೆಯೆಂದು ಯಾರೂ ಭಾವಿಸಬಾರದು. ಪರದೇಶವಾಸದ ಸುಖಗಳು ಸುಳ್ಳಲ್ಲ. ಮೊದಲ ತಿಂಗಳು ಆತನ ಕೈಗೆ ಬಂದದ್ದು ೧,೮೦೦ ದಿರ್ಹಾಮ್. ತಂದೆ ಮೂವತ್ತು ವರ್ಷ ಬಳಪ ಹಿಡಿದು ಪಡೆಯುತ್ತಿದ್ದ ಸಂಬಳದ ಮೂರರಷ್ಟು. ವರಮಾನ ತೆರಿಗೆಯಿಲ್ಲ. ಸಂಜೆ ದೇರಾದ ಕಚೇರಿಯಿಂದ ಹೊರಬಿದ್ದು, ಊರನ್ನು ಎರಡಾಗಿ ಸೀಳಿರುವ ಕಡಲ ಕಾಲುವೆಯ ದಂಡೆಗೆ ಬಂದರೆ, ಚಿಲ್ಲರೆ ಕಾಸಿಗೆ ಆಚೆ ದಡಕ್ಕೆ ಮುಟ್ಟಿಸುವ ‘ಅಬ್ರಾ’ ಎಂಬ ಮರದ ದೋಣಿಗಳು. ಗಂಗೊಳ್ಳಿಯ ಕಡವನ್ನು ದಾಟಿ ಬೆಳೆದವನಿಗೆ ದೋಣಿಯ ಅಂಚಿನ ಮೇಲೆ ಕೂರುವುದನ್ನು ಯಾರೂ ಕಲಿಸಬೇಕಾಗಿರಲಿಲ್ಲ. ಡಿಸೆಂಬರಿನ ತಂಗಾಳಿಯಲ್ಲಿ, ಜೇಬಿನಲ್ಲಿ ಸ್ವಂತ ದುಡಿಮೆಯ ಹಣವಿಟ್ಟುಕೊಂಡು, ಯಾರ ಮಗನೆಂದಾಗಲಿ ಯಾವ ಕೇರಿಯವನೆಂದಾಗಲಿ ಕೇಳುವವರಿಲ್ಲದ ಊರಿನಲ್ಲಿ ನಡೆಯುವುದು ಎಂತಹ ಹಗುರವೆಂಬುದನ್ನು ಊರು ಬಿಡದವನು ಬಲ್ಲನೆ? ನೆಂಟರಿಂದ ದೂರವಿರುವುದು ಪರದೇಶದ ಮೊದಲ ಸುಖ. ಅದೇ ಅದರ ಮೊದಲ ಕಷ್ಟವೂ ಹೌದು ಎಂಬುದು ತಿಳಿಯಲು ಒಂದು ಜ್ವರ ಬರಬೇಕು.

ಜ್ವರ ಬಂದಾಗ ಗಂಜಿ ಕಾಯಿಸಿಕೊಟ್ಟವನು ಲಾಹೋರಿನವನು. ಅದೇ ಕೋಣೆಯಲ್ಲಿ ಭಟ್ಕಳದ ಒಬ್ಬ ದರ್ಜಿ, ಕಾರ್ಕಳದ ಒಬ್ಬ ಕ್ರೈಸ್ತ ಅಡುಗೆಯವನು, ಕಣ್ಣೂರಿನ ಇಬ್ಬರು. ಉಂಡೆಯಾ ಎಂದು ಅಲ್ಲಿ ಐದು ಭಾಷೆಗಳಲ್ಲಿ ಕೇಳುತ್ತಿದ್ದರು. ಊರಿನಲ್ಲಿದ್ದಾಗ ಈ ಲೆಕ್ಕಿಗನು ಕುಂದಾಪುರದವನಾಗಿದ್ದನು. ಬೈಂದೂರಿನವನೂ ಅವನಿಗೆ ಅರೆಪಾಲು ಅನ್ಯನೇ. ತಾನು ‘ಕನ್ನಡಿಗ’ ಎಂಬುದನ್ನು ಆತನು ಕಂಡುಕೊಂಡದ್ದು ಮರಳುಗಾಡಿನಲ್ಲಿ. ನವೆಂಬರ್ ತಿಂಗಳಲ್ಲಿ ಶಾಲೆಯೊಂದರ ಸಭಾಂಗಣವನ್ನು ಬಾಡಿಗೆಗೆ ಹಿಡಿದು ರಾಜ್ಯೋತ್ಸವ ನಡೆಸುವಾಗ, ಊರಿನಿಂದ ಬಂದ ಯಕ್ಷಗಾನದ ಚಂಡೆ ಬಿದ್ದೊಡನೆ ಕಣ್ಣೊರೆಸಿಕೊಂಡವರಲ್ಲಿ ಹಾಸನದವರೂ ಇದ್ದರು. ಅವರು ತಮ್ಮ ಊರಿನಲ್ಲಿ ಬಡಗುತಿಟ್ಟಿನ ಆಟಕ್ಕೆ ನಿದ್ದೆಗೆಟ್ಟವರಲ್ಲ. ದೂರಕ್ಕೆ ಹೋದಷ್ಟೂ ಊರಿನ ಸೀಮೆ ದೊಡ್ಡದಾಗುತ್ತದೆಯೋ ಏನೋ.

ಇನ್ನು ಪರದೇಶಿಯ ದೇಶಭಕ್ತಿಯ ಮಾತು. ೧೯೮೮ರಲ್ಲಿ ಒಂದು ದಿರ್ಹಾಮಿಗೆ ನಾಲ್ಕು ರೂಪಾಯಿಗೂ ಕಡಮೆ ಸಿಗುತ್ತಿತ್ತು. ೨೦೨೪ರಲ್ಲಿ ಇಪ್ಪತ್ತೆರಡಕ್ಕೂ ಹೆಚ್ಚು. ಸ್ವಾತಂತ್ರ್ಯೋತ್ಸವದ ದಿನ ಧ್ವಜಕ್ಕೆ ವಂದಿಸಿ ಗದ್ಗದನಾಗುವ ಸಜ್ಜನನೇ, ತಾಯ್ನಾಡಿನ ನಾಣ್ಯ ಕುಸಿಯಿತೆಂದು ಕೇಳಿದ ದಿನ ಹಣ ಕಳುಹಿಸುವ ಅಂಗಡಿಯ ಮುಂದೆ ಸಾಲಿನಲ್ಲಿ ಮುಗುಳ್ನಗುತ್ತ ನಿಂತಿರುತ್ತಾನೆ. ಪಾಪ, ಅವನದೇನು ತಪ್ಪು? ತಂಗಿಯ ಮದುವೆಯ ಲೆಕ್ಕ ರೂಪಾಯಿಯಲ್ಲಿದೆ. ಆ ತೀರದ ಹಿರಿಯರು ಒಂದು ಕಾಲದಲ್ಲಿ ರೂಪಾಯಿಯನ್ನೇ ಎಣಿಸುತ್ತಿದ್ದರೆಂಬುದು ಇಂದಿನ ಹುಡುಗರಿಗೆ ಗೊತ್ತಿಲ್ಲ. ಭಾರತದ ರಿಸರ್ವ್ ಬ್ಯಾಂಕು ೧೯೫೯ರಲ್ಲಿ ಕೊಲ್ಲಿ ನಾಡುಗಳಿಗೆಂದೇ ಬೇರೆ ರೂಪಾಯಿ ನೋಟನ್ನು ಹೊರಡಿಸಿತು. ೧೯೬೬ರಲ್ಲಿ ರೂಪಾಯಿಯ ಬೆಲೆ ಇಳಿಸಿದ ಮೇಲೆ ದುಬೈ ಅದನ್ನು ಕೈಬಿಟ್ಟಿತು. ರೂಪಾಯಿಯನ್ನು ಅಟ್ಟಿದ ತೀರಕ್ಕೆ ರೂಪಾಯಿಯನ್ನು ಅರಸಿ ಜನ ಹೋದರು.

ವಾರದ ವಿಷಯವೂ ಸ್ವಾರಸ್ಯಕರ. ಆತನು ಹೋದ ಕಾಲಕ್ಕೆ ಅಲ್ಲಿ ಶುಕ್ರವಾರವೇ ಭಾನುವಾರ. ೨೦೦೬ರಲ್ಲಿ ಸರಕಾರದ ರಜೆ ಶುಕ್ರ, ಶನಿವಾರಗಳಿಗೆ ಬಂತು. ೨೦೨೨ರಿಂದ ಶನಿ, ಭಾನುವಾರಗಳಿಗೆ. ಹೀಗೆ ಒಂದೇ ನೌಕರಿಯ ಅವಧಿಯಲ್ಲಿ ವಾರದ ಕೊನೆಯೇ ಎರಡು ಸಲ ಎದ್ದು ಬೇರೆ ಕಡೆ ಕುಳಿತಿತು. ಊರಿನ ಗಡಿಯಾರ ಒಂದೂವರೆ ಗಂಟೆ ಮುಂದೆ. ಊರಿನಲ್ಲಿ ತಾಯಿ ಸಂಜೆಯ ದೀಪ ಹಚ್ಚುವಾಗ ಮಗನಿಗೆ ಇನ್ನೂ ಐದು ಗಂಟೆ, ಮುಂದೆ ಖಾತೆಯ ಪುಸ್ತಕ. ಮೂವತ್ತಾರು ವರ್ಷ ಆತನು ಎಡಗೈಯಲ್ಲಿ ಒಂದು ಗಡಿಯಾರ ಕಟ್ಟಿ, ತಲೆಯೊಳಗೆ ಇನ್ನೊಂದನ್ನು ಓಡಿಸಿದನು.

ಫೋನು ದುಬಾರಿಯಾಗಿದ್ದ ಆ ಮೊದಲ ವರ್ಷಗಳಲ್ಲಿ, ಊರಿಗೆ ಹೋಗಿಬರುವವರ ಕೈಯಲ್ಲಿ ಕ್ಯಾಸೆಟ್ಟುಗಳು ಓಡಾಡುತ್ತಿದ್ದವು. ತಾಯಿಗೆ ಯಂತ್ರದ ಮುಂದೆ ಮಾತು ಹೊರಡದು. ‘ಎಂತ ಹೇಳುದ್ ಮಗಾ’ ಎಂದು ಸುಮ್ಮನಾಗುವಳು. ಆಮೇಲೆ ದನ ಗದ್ದೆಗೆ ನುಗ್ಗಿತೆಂದು ಎದ್ದು ಹೋಗುವಳು. ಯಂತ್ರ ತಿರುಗುತ್ತಲೇ ಇರುವುದು. ಅದರಲ್ಲಿ ಉಳಿದದ್ದು ಕಾಗೆಯ ಕೂಗು, ಕೊಡಪಾನ ಇಟ್ಟ ಸದ್ದು, ಹಂಚಿನ ಮೇಲೆ ಸುರಿಯುವ ಆಷಾಢದ ಮಳೆ. ವರ್ಷಕ್ಕೆ ಸುಮಾರು ೪,೦೦೦ ಮಿಲಿಮೀಟರ್ ಮಳೆ ಬೀಳುವ ನಾಡಿನಿಂದ, ೧೦೦ ಮಿಲಿಮೀಟರಿನ ಆಸುಪಾಸಿಗೆ ತೃಪ್ತಿಪಡುವ ನಾಡಿಗೆ ಬಂದವನು ಆ ಮಳೆಯನ್ನು ಮತ್ತೆ ಮತ್ತೆ ಹಿಂದಕ್ಕೆ ತಿರುಗಿಸಿ ಕೇಳಿದನು. ಕಾಳಿದಾಸನ ಯಕ್ಷನು ಮೋಡದ ಕೈಯಲ್ಲಿ ಸಂದೇಶ ಕಳುಹಿಸಿದನು. ಇಲ್ಲಿ ಮೋಡವೇ ಕ್ಯಾಸೆಟ್ಟಿನೊಳಗೆ ಬಂತು. ಆದರೆ ಯಕ್ಷನಿಗಿದ್ದ ಭಾಗ್ಯ ಲೆಕ್ಕಿಗನಿಗಿರಲಿಲ್ಲ. ಅವನ ಶಾಪ ಒಂದೇ ವರ್ಷದ್ದು, ಸಂದೇಶ ಕಳುಹುವಾಗ ಉಳಿದಿದ್ದುದು ನಾಲ್ಕೇ ತಿಂಗಳು. ಶಾಪವನ್ನು ನವೀಕರಿಸಿಕೊಳ್ಳಬೇಕೆಂಬ ಆಸೆಯನ್ನು ಅವನಿಗೆ ಯಾರೂ ತೋರಿಸಿರಲಿಲ್ಲ.

ಆಸೆಯ ಬೆನ್ನಿಗೆ ಕಾಗದಗಳು. ಪರದೇಶದಲ್ಲಿ ಮನುಷ್ಯನಿಗಿಂತ ಅವನ ಕಾಗದಗಳೇ ಹೆಚ್ಚು ಜೀವಂತ. ವಾಸದ ಪರವಾನಗಿ ನೌಕರಿಗೆ ಕಟ್ಟಿದ ಕರು. ನೌಕರಿ ಹೋದರೆ ಅದೂ ಹೋಗುತ್ತದೆ. ಹಿಂದೆ ಇಂಥವನಿಗೆ ಗಂಟುಮೂಟೆ ಕಟ್ಟಲು ಮೂವತ್ತು ದಿನ ಸಿಗುತ್ತಿತ್ತು. ೨೦೨೨ರ ಸುಧಾರಣೆಗಳು ಆ ಗಡುವನ್ನು ಹಿಗ್ಗಿಸಿದುವೆಂಬುದನ್ನು ನ್ಯಾಯವಾಗಿ ಹೇಳಬೇಕು. ನೌಕರರ ಪಾಸ್‌ಪೋರ್ಟನ್ನು ಕಚೇರಿಯ ಕಬ್ಬಿಣದ ಪೆಟ್ಟಿಗೆಯಲ್ಲಿ ಇಟ್ಟುಕೊಳ್ಳುವ ಪರಿಪಾಠವೂ ಅಂದು ಹಲವೆಡೆ ಇತ್ತು. ೧೯೯೪ರ ಒಂದು ಗುರುವಾರ ರಾತ್ರಿ, ತಂದೆ ತೀರಿಕೊಂಡರೆಂಬ ಸುದ್ದಿ ಬೀದಿಯ ಕೆಳಗಿನ ದಿನಸಿ ಅಂಗಡಿಯ ಫೋನಿಗೆ ಬಂತು. ಮರುದಿನ ಶುಕ್ರವಾರ, ಕಚೇರಿ ಮುಚ್ಚಿದೆ, ಪೆಟ್ಟಿಗೆಯ ಬೀಗದ ಕೈ ಊರಲ್ಲಿಲ್ಲದ ಮ್ಯಾನೇಜರನ ಬಳಿ. ಶನಿವಾರ ಪಾಸ್‌ಪೋರ್ಟು ಕೈಗೆ ಬಂದು, ಬೊಂಬಾಯಿಗೆ ವಿಮಾನ ಸಿಕ್ಕಿ, ಅಲ್ಲಿಂದ ಬಸ್ಸಿನಲ್ಲಿ ಒಂದು ರಾತ್ರಿ ಕಳೆದು ಮನೆ ಮುಟ್ಟಿದಾಗ ಅಸ್ಥಿಸಂಚಯನವೂ ಮುಗಿದಿತ್ತು. ಮ್ಯಾನೇಜರನು ಕೆಟ್ಟವನಾಗಿರಲಿಲ್ಲ, ಟಿಕೆಟ್ಟಿನ ಹಣವನ್ನು ತಾನೇ ಕೊಟ್ಟನು. ಯಾರ ಮೇಲೆ ಸಿಟ್ಟಾಗಬೇಕೆಂಬುದು ತಿಳಿಯದಿರುವುದು ಈ ಬಗೆಯ ದುಃಖದ ವಿಶೇಷ ಕಹಿ.

ಈತನಿಗಾದರೂ ತಂಪು ಯಂತ್ರದ ಕೆಳಗೆ ಕುಳಿತು ಮಾಡುವ ಕೆಲಸ. ಬೇಸಿಗೆಯ ಮಧ್ಯಾಹ್ನ ಕಟ್ಟಡದ ಕಬ್ಬಿಣ ಮುಟ್ಟಿದರೆ ಕೈ ಬೊಬ್ಬೆಯೇಳುವ ಆ ನಾಡಿನಲ್ಲಿ, ಜೂನ್ ೧೫ರಿಂದ ಸೆಪ್ಟೆಂಬರ್ ೧೫ರ ತನಕ ಹನ್ನೆರಡೂವರೆಯಿಂದ ಮೂರು ಗಂಟೆಯವರೆಗೆ ಬಯಲಿನ ಕೆಲಸ ನಿಲ್ಲಿಸಬೇಕೆಂಬ ನಿಯಮ ಬಂದದ್ದೇ ತಡವಾಗಿ. ಊರಾಚೆಯ ಕಾರ್ಮಿಕರ ಬಿಡಾರಗಳ ಪ್ರದೇಶಕ್ಕೆ ಜನ ಇಟ್ಟ ಹೆಸರು ಸೋನಾಪುರ. ಸಂಜೆ ಅಲ್ಲಿಗೆ ಮರಳುವ ಬಸ್ಸುಗಳ ಕಿಟಕಿಗೆ ತಲೆಯಾನಿಸಿ ನಿದ್ರಿಸುವ ಮುಖಗಳನ್ನು ಕಂಡಾಗಲೆಲ್ಲ ಲೆಕ್ಕಿಗನು ತನ್ನ ದೂರುಗಳನ್ನು ಜೇಬಿಗೆ ಹಾಕಿಕೊಳ್ಳುತ್ತಿದ್ದನು. ಲಂಡನ್ನಿನಿಂದ ಬಂದ ಎಂಜಿನಿಯರನು ಅಲ್ಲಿ ‘ಎಕ್ಸ್‌ಪ್ಯಾಟ್’. ಕಲಬುರ್ಗಿಯಿಂದಲೋ ಕರೀಂನಗರದಿಂದಲೋ ಬಂದ ಗಾರೆಯವನು ಬರಿಯ ‘ಲೇಬರ್’. ಇಬ್ಬರೂ ಊರು ಬಿಟ್ಟವರೇ. ಶಬ್ದಗಳಲ್ಲಿಯೂ ಮೇಲಂತಸ್ತು, ನೆಲಮಾಳಿಗೆಗಳುಂಟು.

ಈ ಕಡಲು ಇಂತಹ ಬಾಳುವೆಯನ್ನು ಮೊದಲ ಸಲ ಕಂಡದ್ದೂ ಅಲ್ಲ, ಪಯಣ ಯಾವಾಗಲೂ ಇತ್ತಲಿಂದ ಅತ್ತ ಆದದ್ದೂ ಅಲ್ಲ. ಹನ್ನೆರಡನೆಯ ಶತಮಾನದಲ್ಲಿ ಅಬ್ರಹಾಂ ಬೆನ್ ಯಿಜು ಎಂಬ ಯೆಹೂದ್ಯ ವರ್ತಕನು, ಈಗಿನ ಟ್ಯುನೀಸಿಯದ ಮಹದಿಯಾ ಪಟ್ಟಣದವನು, ಏಡನ್ ಮಾರ್ಗವಾಗಿ ಮಂಗಳೂರಿಗೆ ಬಂದು ಸುಮಾರು ಹದಿನೇಳು ವರ್ಷ ಕರಾವಳಿಯಲ್ಲಿ ನೆಲೆಸಿದನು. ಅವನಿಗೆ ಬಂದ, ಅವನು ಬರೆದ ಪತ್ರಗಳು ಕೈರೋ ನಗರದ ಒಂದು ಹಳೆಯ ಯೆಹೂದ್ಯ ಮಂದಿರದ ಕಾಗದದ ಕೋಣೆಯಲ್ಲಿ ಉಳಿದುಕೊಂಡು, ವಿದ್ವಾಂಸ ಗೊಯ್‌ಟೀನರ ಶ್ರಮದಿಂದ ಬೆಳಕಿಗೆ ಬಂದುವು. ಮೆಣಸು, ಅಡಕೆ, ಕಬ್ಬಿಣಗಳನ್ನು ಕಳುಹಿಸುತ್ತಿದ್ದ ಅವನಿಗೆ ಏಡನ್ನಿನ ಮಿತ್ರರು ಏನನ್ನು ಕಳುಹಿಸುತ್ತಿದ್ದರು? ಸಕ್ಕರೆ, ದ್ರಾಕ್ಷಿ ಮತ್ತು, ಎಲ್ಲಕ್ಕಿಂತ ಮುಖ್ಯವಾಗಿ, ಬರೆಯುವ ಕಾಗದ; ಅದು ಇಲ್ಲಿ ದೊರೆಯುತ್ತಿರಲಿಲ್ಲ. ಇಂದು ಕರಾಮಾ ಬಡಾವಣೆಯ ಅಂಗಡಿಯಲ್ಲಿ ಮಟ್ಟು ಗುಳ್ಳ ಬಂದಿದೆಯೇ ಎಂದು ವಿಚಾರಿಸುವ ಗೃಹಿಣಿ ಈ ಹಳೆಯ ವರ್ತಕನನ್ನು ಕಂಡಿದ್ದರೆ ಇಬ್ಬರಿಗೂ ಮಾತು ಬೆಳೆಯುತ್ತಿತ್ತು. ಅವನ ದಾಸನೂ ಗುಮಾಸ್ತನೂ ಆಗಿದ್ದ, ಬೊಮ್ಮ ಎಂದು ಓದಲಾಗುವ ಹೆಸರಿನ ಒಬ್ಬನು ಒಡೆಯನ ಸರಕಿನೊಡನೆ ಏಡನ್ನಿಗೆ ಹೋಗಿ, ಅಲ್ಲಿ ಕುಡಿದು ಹಣಕ್ಕಾಗಿ ರಂಪ ಮಾಡಿದನೆಂಬ ದೂರೂ ಒಂದು ಪತ್ರದಲ್ಲಿದೆ. ಅರಬ್ಬೀ ತೀರದಲ್ಲಿ ಕೈಯ ಕಾಸನ್ನು ಹಾಳುಮಾಡಿದ ಕರಾವಳಿಯ ಮೊದಲಿಗನಲ್ಲದಿದ್ದರೂ, ದಾಖಲೆಗೆ ಸಿಕ್ಕ ಮೊದಲಿಗನು ಇವನೇ ಇರಬೇಕು.

ಬೆನ್ ಯಿಜು ೧೧೪೯ರಲ್ಲಿ ಮಕ್ಕಳನ್ನು ಕರೆದುಕೊಂಡು, ಗಳಿಸಿದ ಐಶ್ವರ್ಯದೊಡನೆ ಏಡನ್ನಿಗೆ ಮರಳಿದನು. ಬಂದಿದ್ದೇನೆ, ಉಳಿದ ಬಾಳಿಗೆ ಸಾಕಾಗುವಷ್ಟಿದೆ ಎಂದು ತಮ್ಮಂದಿರಿಗೆ ಓಲೆ ಬರೆದನು. ಆದರೆ ಅದರ ಹಿಂದಿನ ವರ್ಷವೇ ಸಿಸಿಲಿಯ ದೊರೆಯ ಸೈನ್ಯ ಮಹದಿಯಾವನ್ನು ಹಿಡಿದಿತ್ತು; ಒಡಹುಟ್ಟಿದವರು ಕಡಲಾಚೆಗೆ ಚದರಿದ್ದರು. ಹಣವಿತ್ತು, ಹಡಗಿತ್ತು, ಹೋಗಲು ಹಿಂದಿನ ಊರಿರಲಿಲ್ಲ.

ಲೆಕ್ಕಿಗನ ಊರನ್ನು ಯಾವ ಸೈನ್ಯವೂ ಹಿಡಿಯಲಿಲ್ಲ. ಅಲ್ಲಿ ಆತನೇ ೧೯೯೯ರಲ್ಲಿ ಒಂದು ಮನೆ ಕಟ್ಟಿಸಿದನು: ತಾರಸಿ, ಐದು ಕೋಣೆ, ಹೊಳೆಯುವ ನೆಲ, ಮುಂದೆ ಕಬ್ಬಿಣದ ದೊಡ್ಡ ಗೇಟು. ಐದು ಕೋಣೆಗಳಲ್ಲಿ ನಾಲ್ಕಕ್ಕೆ ವರ್ಷದ ಹನ್ನೊಂದು ತಿಂಗಳು ಬೀಗ. ತಾಯಿ ಅಡುಗೆಮನೆಯ ಪಕ್ಕದ ಚಿಕ್ಕ ಕೋಣೆಯಲ್ಲಿ ಮಲಗುವಳು. ಹೊಸ ನೆಲ ಕಾಲಿಗೆ ಜಾರುತ್ತದೆಂದು ಅವಳ ದೂರು. ಪ್ರತಿ ರಜೆಯ ಮೊದಲ ವಾರ ನೀರೆತ್ತುವ ಪಂಪು, ಬಾವಲಿ, ಗೆದ್ದಲುಗಳ ಉಪಚಾರದಲ್ಲಿ ಕಳೆಯುವುದು. ಎರಡನೆಯ ವಾರ ಮದುವೆ ಮುಂಜಿಗಳಲ್ಲಿ. ಮೂರನೆಯ ವಾರ ಹೆಂಡತಿಯ ತವರಿನಲ್ಲಿ. ನಾಲ್ಕನೆಯ ವಾರ ಉಪ್ಪಿನಕಾಯಿಯ ಭರಣಿ ವಿಮಾನದಲ್ಲಿ ಸೋರದಂತೆ ಕಟ್ಟುವುದರಲ್ಲಿ.

ಮಗಳು, ಮಗ ಇಬ್ಬರೂ ದುಬೈಯಲ್ಲಿಯೇ ಹುಟ್ಟಿದವರು. ಹುಟ್ಟಿನಿಂದ ಆ ನಾಡಿನ ಪೌರತ್ವ ಬರುವುದಿಲ್ಲ. ಭಾರತದ ಪಾಸ್‌ಪೋರ್ಟು ಇದೆ, ಭಾರತ ಅವರಿಗೆ ರಜೆಯ ತಾಣ. ಶಾಲೆಯಲ್ಲಿ ಅರಬ್ಬಿ ಕಡ್ಡಾಯ, ಹಿಂದಿ ಉಂಟು, ಕನ್ನಡವಿಲ್ಲ. ಮಗಳು ಕುಂದಾಪುರದ ಕನ್ನಡವನ್ನು ಅಜ್ಜಿಯಷ್ಟೇ ಸೊಗಸಾಗಿ ಆಡುವಳು, ಒಂದಕ್ಷರ ಓದಲಾರಳು. ‘ನಿನ್ನ ಊರು ಯಾವುದು?’ ಎಂದು ಯಾರೋ ಕೇಳಿದಾಗ ಆಕೆ ತಂದೆಯ ಮುಖ ನೋಡಿದಳು. ಕಾಗದಗಳನ್ನೆಲ್ಲ ಕ್ರಮವಾಗಿ ಇಡುವ ಆತನಲ್ಲಿಯೂ ಆ ಪ್ರಶ್ನೆಗೆ ಕಾಗದವಿರಲಿಲ್ಲ.

ದೊಡ್ಡ ಆಪತ್ತುಗಳು ಕೊಲ್ಲಿಯ ಜನರಿಗೆ ಮೂರು ಸಲ ಬಂದುವು. ೧೯೯೦ರ ಆಗಸ್ಟಿನಲ್ಲಿ ಇರಾಕು ಕುವೈತನ್ನು ನುಂಗಿದಾಗ ಒಂದು ಲಕ್ಷ ಎಪ್ಪತ್ತು ಸಾವಿರದಷ್ಟು ಭಾರತೀಯರು ಉಟ್ಟ ಬಟ್ಟೆಯಲ್ಲಿ, ಬಹುಮಟ್ಟಿಗೆ ಅಮ್ಮಾನ್ ಮಾರ್ಗವಾಗಿ, ವಿಮಾನವೇರಿ ಮನೆ ಸೇರಿದರು. ೨೦೧೦ರ ಮೇ ೨೨ರಂದು ದುಬೈಯಿಂದ ಹೊರಟ ವಿಮಾನ ಬಜಪೆಯ ಗುಡ್ಡದಂಚಿನಲ್ಲಿ ಉರಿದು ೧೫೮ ಜನ ಮಡಿದರು, ಎಂಟು ಮಂದಿ ಉಳಿದರು. ಅಂದು ಕರಾಮಾದ ಮನೆಗಳಲ್ಲಿ ಯಾರೂ ಯಾರಿಗೂ ಫೋನು ಮಾಡಲು ಧೈರ್ಯ ತಾಳಲಿಲ್ಲ. ಮೂರನೆಯದು ೨೦೨೦ರದ್ದು. ಮಾರ್ಚ್ ಕೊನೆಯಲ್ಲಿ ವಿಮಾನಗಳು ನಿಂತುವು. ಸರಕಾರ ತನ್ನವರನ್ನು ಕರೆತರುವ ವಿಮಾನಗಳನ್ನು ಆರಂಭಿಸಿದ್ದು ಮೇ ೭ರಂದು. ತಾಯಿ ತೀರಿಕೊಂಡದ್ದು ಏಪ್ರಿಲಿನಲ್ಲಿ. ಈ ಸಲ ಪಾಸ್‌ಪೋರ್ಟು ಆತನ ಮೇಜಿನ ಮೇಲೆಯೇ ಇತ್ತು, ಬೀಗದ ಕೈಗಾಗಿ ಯಾರನ್ನೂ ಹುಡುಕಬೇಕಾಗಿರಲಿಲ್ಲ, ಟಿಕೆಟ್ಟಿಗೆ ಹಣವಿತ್ತು. ಆಕಾಶವೇ ಮುಚ್ಚಿತ್ತು. ಅಂಗೈಯಗಲದ ಪರದೆಯಲ್ಲಿ ತಮ್ಮನ ಮಗನು ಹಿಡಿದು ತೋರಿಸಿದ ಚಿತೆಯನ್ನು ಆತನು ನಿಂತುಕೊಂಡೇ ನೋಡಿದನು. ಕುಳಿತು ನೋಡುವುದು ಸರಿಯಲ್ಲವೆಂದು ತೋರಿತು.

ಆ ರಾತ್ರಿ ಲೆಕ್ಕಿಗನಾದ ಆತನು ಒಂದು ಲೆಕ್ಕ ಮಾಡಿದನು. ವರ್ಷಕ್ಕೆ ಮೂವತ್ತು ದಿನ ರಜೆ. ಮೊದಮೊದಲು ಎರಡು ವರ್ಷಕ್ಕೊಮ್ಮೆ ಅರವತ್ತು ದಿನ, ಮೊತ್ತ ಒಂದೇ. ಊರು ಬಿಟ್ಟ ಮೇಲಿನ ಮೂವತ್ತೆರಡು ವರ್ಷಗಳಲ್ಲಿ ಊರಿನಲ್ಲಿದ್ದದ್ದು ೯೬೦ ದಿನ. ಅದರಲ್ಲಿ ತವರಿಗೆ ಹೋದದ್ದು, ಮದುವೆಗಳಿಗೆ ಅಲೆದದ್ದು, ಪ್ರಯಾಣಕ್ಕೆ ಹಾಳಾದದ್ದನ್ನು ಕಳೆಯಬೇಕು. ಕಳೆಯುವುದಕ್ಕೆ ಆತನು ಹೋಗಲಿಲ್ಲ, ಹಾಳೆಯನ್ನು ಮಡಿಸಿಟ್ಟನು. ಅತ್ತ ತಾಯಿಗೆ ಸಿಕ್ಕಿದ ಔಷಧ, ತಂಗಿಗೆ ಸಿಕ್ಕಿದ ಮದುವೆ, ತಮ್ಮನಿಗೆ ಸಿಕ್ಕಿದ ಓದು ಎಲ್ಲವೂ ಆ ಹಾಳೆಯ ಇನ್ನೊಂದು ಮಗ್ಗುಲಲ್ಲಿ ಇದ್ದೇ ಇದ್ದವು. ಜಮೆಗೂ ಖರ್ಚಿಗೂ ತಾಳೆ ಬೀಳದ ಖಾತೆಯನ್ನು ತನ್ನ ವೃತ್ತಿಯಲ್ಲಿ ಆತನು ಒಮ್ಮೆಯೂ ಮುಚ್ಚಿದವನಲ್ಲ.

೨೦೨೪ರಲ್ಲಿ ಅರವತ್ತು ತುಂಬಿತು. ಆ ಏಪ್ರಿಲ್ ೧೬ರಂದು, ಬೀಳ್ಕೊಡುವುದಕ್ಕೋ ಎಂಬಂತೆ, ದುಬೈಯಲ್ಲಿ ವರ್ಷವಿಡೀ ಬೀಳುವುದಕ್ಕಿಂತ ಹೆಚ್ಚು ಮಳೆ ಒಂದೇ ದಿನದಲ್ಲಿ ಸುರಿದು ರಸ್ತೆಗಳೆಲ್ಲ ಹೊಳೆಗಳಾದುವು. ನೆರೆಯವರೆಲ್ಲ ಕಾರುಗಳಿಗಾಗಿ ಗೋಳಿಡುತ್ತಿರಲು, ಕುಂದಾಪುರದ ಲೆಕ್ಕಿಗನು ಪ್ಯಾಂಟನ್ನು ಮೊಳಕಾಲಿಗೆ ಮಡಿಸಿ ನೀರಿಗಿಳಿದು ಕೆಳಗಿನ ಅಂಗಡಿಯವನಿಗೆ ಅಕ್ಕಿಮೂಟೆ ಎತ್ತಿಡಲು ನೆರವಾದನು. ಬಹಳ ಉಲ್ಲಾಸದಿಂದಿದ್ದನೆಂದು ಹೆಂಡತಿ ಹೇಳುತ್ತಾಳೆ. ಜೂನ್ ತಿಂಗಳಲ್ಲಿ ಪರವಾನಗಿ ರದ್ದಾಯಿತು. ಮಗನು ಅಲ್ಲಿಯೇ ನೌಕರಿಯಲ್ಲಿ ಉಳಿದನು. ಅವನ ಒಪ್ಪಂದವೂ ಎರಡು ವರ್ಷದ್ದು.

ಊರಿಗೆ ಬಂದ ಎಂಟನೆಯ ದಿನ ಆತನು ಬ್ಯಾಂಕಿಗೆ ಹೋಗಿ, ಅನಿವಾಸಿಯ ಖಾತೆಯನ್ನು ನಿವಾಸಿಯ ಖಾತೆಯಾಗಿ ಬದಲಿಸುವ ಅರ್ಜಿಗೆ ಸಹಿ ಹಾಕಿದನು. ಮಳೆ ಹೊಡೆಯುತ್ತಿತ್ತು. ಬರುವ ದಾರಿಯಲ್ಲಿ ಹಪ್ಪಳ, ಉಪ್ಪಿನಕಾಯಿಯ ಹಳೆಯ ಅಂಗಡಿ.

‘ಎಂತ ಮಾರಾಯ್ರೆ, ಯಾವತ್ತ್ ಬಂದದ್ದ್? ರಜಿ ಎಷ್ಟ್ ದಿನ ಇತ್ತ್?’ ಎಂದು ಅಂಗಡಿಯವನು ಕೇಳಿದನು.

‘ಇನ್ನ್ ಹೋಪುದಿಲ್ಲ. ಇಲ್ಲೇ ಇಪ್ಪುದ್.’

‘ಹೌದಾ? ಒಳ್ಳೇದಾಯ್ತ್’ ಎಂದನು ಅಂಗಡಿಯವನು. ಹಾಗೆನ್ನುತ್ತಲೇ ಹಪ್ಪಳದ ಕಟ್ಟನ್ನೂ ಮಿಡಿ ಉಪ್ಪಿನಕಾಯಿಯ ಡಬ್ಬಿಯನ್ನೂ ಪ್ಲಾಸ್ಟಿಕ್ಕಿನಲ್ಲಿ ಎರಡು ಸುತ್ತು ಸುತ್ತಿ, ಬಾಯಿಗೆ ಅಂಟು ಪಟ್ಟಿ ಹಚ್ಚಿ, ಮೇಲೆ ಹುರಿ ಬಿಗಿದು, ವಿಮಾನದಲ್ಲಿ ಸೋರದಂತೆ ಭದ್ರವಾಗಿ ಕಟ್ಟಿಕೊಟ್ಟನು.